ಕೈಯಲ್ಲಿರುವುದು, ಕೈಮೀರಿದ್ದು: ಸ್ಟೋಯಿಕ್ ದರ್ಶನ ಮತ್ತು ಕಾವೇರಿ–ಹೇಮಾವತಿ ಸೀಮೆಯ ಬದುಕು

ಕ್ರಿಸ್ತಪೂರ್ವ 300ರ ಆಸುಪಾಸಿನಲ್ಲಿ ಅಥೆನ್ಸ್ ನಗರದ ಪೇಟೆಯ ಅಂಚಿನ ಒಂದು ಕಂಬಸಾಲಿನ ಮೊಗಸಾಲೆಯಲ್ಲಿ ಸೈಪ್ರಸ್ ದ್ವೀಪದ ಝೀನೊ ಎಂಬಾತ ಪಾಠ ಹೇಳತೊಡಗಿದ. ಮೊಗಸಾಲೆಯ ಗೋಡೆಗಳ ಮೇಲೆ ಯುದ್ಧದ ಚಿತ್ರಗಳಿದ್ದವು. ಹೋಗಿಬರುವವರು ನಿಂತು ಕೇಳಬಹುದಿತ್ತು. ಗ್ರೀಕರು ಅದನ್ನು 'ಸ್ಟೊಅ' ಎನ್ನುತ್ತಿದ್ದುದರಿಂದ ಈ ಪಂಥಕ್ಕೆ ಸ್ಟೋಯಿಕ್ ಎಂಬ ಹೆಸರು ಬಂತು. ಝೀನೊ ವ್ಯಾಪಾರಿಯಾಗಿದ್ದವನು. ಹಡಗು ಮುಳುಗಿ, ಸರಕೆಲ್ಲ ಸಮುದ್ರದ ಪಾಲಾದ ಮೇಲೆ ತತ್ತ್ವಶಾಸ್ತ್ರದ ಕಡೆಗೆ ತಿರುಗಿದನೆಂದು ಹಳೆಯ ಚರಿತ್ರಕಾರರು ಬರೆಯುತ್ತಾರೆ. ಅವನ ತರುವಾಯ ಪಂಥವನ್ನು ನಡೆಸಿದ ಕ್ಲಿಯಾಂಥಿಸ್ ಹಗಲು ಪಾಠ ಕೇಳಿ, ರಾತ್ರಿ ಅವರಿವರ ತೋಟಗಳಿಗೆ ನೀರು ಸೇದಿ ಹಾಕಿ ಹೊಟ್ಟೆ ಹೊರೆದವನು. ಬರೆಯುವ ಹಾಳೆಗೆ ಕಾಸಿಲ್ಲದೆ ಎತ್ತಿನ ಹೆಗಲ ಮೂಳೆಯ ಮೇಲೂ ಚಿಪ್ಪಿನ ಮೇಲೂ ಗುರುವಿನ ಮಾತನ್ನು ಬರೆದಿಟ್ಟುಕೊಳ್ಳುತ್ತಿದ್ದನಂತೆ. ಮೂರನೆಯವನಾದ ಕ್ರಿಸಿಪಸ್ 700ಕ್ಕೂ ಮಿಕ್ಕಿ ಗ್ರಂಥಗಳನ್ನು ರಚಿಸಿ ಶಾಸ್ತ್ರಕ್ಕೆ ಕಟ್ಟುಪಾಡು ಒದಗಿಸಿದ. ಅವುಗಳಲ್ಲಿ ಒಂದೂ ಪೂರ್ತಿಯಾಗಿ ಉಳಿದಿಲ್ಲ.

ಇಂದು ಓದಲು ಸಿಗುವುದು ಹೆಚ್ಚಾಗಿ ರೋಮನ್ ಕಾಲದ ಮೂವರ ಮಾತು. ಸೆನೆಕ ಮಹಾ ಧನಿಕ. ನೀರೊ ಚಕ್ರವರ್ತಿಯ ಗುರು. ಕ್ರಿಸ್ತಶಕ 65ರಲ್ಲಿ ಅದೇ ಶಿಷ್ಯನ ಆಜ್ಞೆಯಿಂದ ಪ್ರಾಣ ಬಿಟ್ಟವನು. ಎಪಿಕ್ಟೀಟಸ್ ಗುಲಾಮನಾಗಿದ್ದವನು, ಕುಂಟ. ಬಿಡುಗಡೆಯಾದ ಮೇಲೆ ಪಾಠ ಹೇಳಿದ. ತಾನಾಗಿ ಏನನ್ನೂ ಬರೆಯಲಿಲ್ಲ. ಶಿಷ್ಯ ಏರಿಯನ್ ಬರೆದುಕೊಂಡದ್ದು ಉಳಿದಿದೆ. ಮಾರ್ಕಸ್ ಅರೇಲಿಯಸ್ 161ರಿಂದ 180ರವರೆಗೆ ಚಕ್ರವರ್ತಿ. ಪಿಡುಗು ಮತ್ತು ಗಡಿಯುದ್ಧಗಳ ನಡುವೆ ತನಗಾಗಿಯೇ ಗ್ರೀಕ್ ಭಾಷೆಯಲ್ಲಿ ಟಿಪ್ಪಣಿ ಬರೆದುಕೊಂಡ. ಧನಿಕ, ಗುಲಾಮ, ಅರಸ ಮೂವರೂ ಒಂದೇ ಪಾಠವನ್ನು ಹಿಡಿದರು ಎಂಬುದು ಈ ದರ್ಶನದ ಪರವಾಗಿ ಹೇಳಬಹುದಾದ ಮೊದಲ ಮಾತು.

ಸಹೃದಯರು ಇಲ್ಲಿ ಒಂದು ತಪ್ಪುಕಲ್ಪನೆಯನ್ನು ಪಕ್ಕಕ್ಕಿಡಬೇಕು. ಸ್ಟೋಯಿಕ್ ಎಂದರೆ ಕಲ್ಲುಮನಸ್ಸಿನವನು, ಏನಾದರೂ ಹಣೆಬರಹವೆಂದು ಸುಮ್ಮನಿರುವವನು ಎಂಬ ಭಾವನೆ ಬಲವಾಗಿದೆ. ಮೂಲ ಬರಹಗಳನ್ನು ಓದಿದವರಿಗೆ ಇದು ನಿಲ್ಲುವುದಿಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಬದುಕನ್ನೂ ಅಲ್ಲಿ ಹುಟ್ಟಿದ ವಿಚಾರಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ಈ ದರ್ಶನದ ಬಲ ಎಷ್ಟು, ಕೊರತೆ ಎಲ್ಲಿ ಎಂಬುದು ಇನ್ನಷ್ಟು ತಿಳಿಯಾಗುತ್ತದೆ. ಕನ್ನಡದಲ್ಲಿ ಇಂಥ ಮಾತು ಬಂದೊಡನೆ ಡಿ.ವಿ.ಜಿ.ಯವರ ಕಗ್ಗವನ್ನು ನೆನೆಯುವುದು ರೂಢಿ. ಅದು ಸಹಜವೂ ಹೌದು. ಆದರೆ ಈ ನಾಲ್ಕು ತಾಲ್ಲೂಕುಗಳ ಗಡಿಯೊಳಗೇ ಬೇಕಾದಷ್ಟು ಸಾಮಗ್ರಿ ಇದೆ.

ಸ್ಟೋಯಿಕ್ ನೀತಿಯ ತಳಪಾಯ ಒಂದು ವಿಂಗಡಣೆ. ಕೆಲವು ಸಂಗತಿಗಳು ಮನುಷ್ಯನ ವಶದಲ್ಲಿವೆ: ಅವನ ತೀರ್ಮಾನ, ಅವನ ಬಯಕೆ, ಅವನ ಯತ್ನ. ಮಿಕ್ಕವು ವಶದಲ್ಲಿಲ್ಲ: ದೇಹದ ಆರೋಗ್ಯ, ಆಸ್ತಿ, ಹೆಸರು, ಅಧಿಕಾರ. ಮೊದಲನೆಯದರಲ್ಲಿ ಮಾತ್ರ ಒಳಿತು ಕೆಡುಕುಗಳಿವೆ. ಎರಡನೆಯದು ಒಳಿತೂ ಅಲ್ಲ ಕೆಡುಕೂ ಅಲ್ಲ ಎಂಬುದು ಇವರ ಕಟ್ಟುನಿಟ್ಟಿನ ನಿಲುವು. ಆರೋಗ್ಯವೂ ಒಳಿತಲ್ಲವೇ ಎಂದು ಅಂದಿನವರೇ ಹುಬ್ಬೇರಿಸಿದ್ದರು. ಅದಕ್ಕೆ ಸ್ಟೋಯಿಕರು ಒಂದು ತಿದ್ದುಪಡಿ ಕೊಟ್ಟರು. ಆರೋಗ್ಯ, ಸಂಪತ್ತು, ಮಕ್ಕಳುಮರಿ ಇವು ಆರಿಸಿಕೊಳ್ಳಲು ಯೋಗ್ಯವಾದವು. ಅವುಗಳಿಗಾಗಿ ದುಡಿಯಬೇಕು. ಆದರೆ ಅವು ಸಿಕ್ಕವೋ ಇಲ್ಲವೋ ಎಂಬುದರಿಂದ ಮನುಷ್ಯನ ಯೋಗ್ಯತೆಯನ್ನು ಅಳೆಯಬಾರದು. ಬಿಲ್ಲುಗಾರನ ಉದಾಹರಣೆಯನ್ನು ಸಿಸಿರೊ ದಾಖಲಿಸಿದ್ದಾನೆ. ಗುರಿ ಹಿಡಿಯುವುದು, ಹೆದೆ ಎಳೆಯುವುದು ಬಿಲ್ಲುಗಾರನ ಕೆಲಸ. ಬಾಣ ಬಿಟ್ಟ ಮೇಲೆ ಗಾಳಿಯ ಪಾಲೂ ಅದರಲ್ಲಿ ಸೇರುತ್ತದೆ.

ಕಾವೇರಿ ಬಯಲಿನ ಬೇಸಾಯಗಾರನಿಗೆ ಈ ವಿಂಗಡಣೆ ಪುಸ್ತಕದ ಮಾತಲ್ಲ. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು; ಅದರ ಗರಿಷ್ಠ ಮಟ್ಟ 124.80 ಅಡಿ. ಮಳೆಗಾಲದಲ್ಲಿ ಈ ಸೀಮೆಯ ಮನೆಗಳಲ್ಲಿ ಪತ್ರಿಕೆ ಬಂದೊಡನೆ ಮೊದಲು ನೋಡುವುದು ಅಣೆಕಟ್ಟೆಯ ಮಟ್ಟವನ್ನು. ಶ್ರೀರಂಗಪಟ್ಟಣದ ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳ ಬಯಲಿರಲಿ, ಪಾಂಡವಪುರದ ಕಡೆಯ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿರಲಿ, ಭತ್ತದ ಒಟ್ಲು ಬಿಡಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಮುಂಚೆ ನಾಲ್ಕಾರು ದೂರದ ಸಂಗತಿಗಳು ಕೂಡಿಬರಬೇಕು. ಕೊಡಗಿನಲ್ಲಿ ಮಳೆ ಹಿಡಿಯಬೇಕು. ಕಾವೇರಿ ನೀರಿನ ವಿವಾದದಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಅದೇ ವರ್ಷ ರಚನೆಯಾದ ಪ್ರಾಧಿಕಾರ ದೆಹಲಿಯಲ್ಲಿ ಕುಳಿತು ತಮಿಳುನಾಡಿಗೆ ಎಷ್ಟು ನೀರು ಎಂದು ಹೇಳಬೇಕು. ಆಮೇಲೆ ನೀರಾವರಿ ಸಲಹಾ ಸಮಿತಿ ಸಭೆ ಸೇರಿ ಕಟ್ಟು ಪದ್ಧತಿಯಲ್ಲಿ ಎಷ್ಟು ದಿನ ನೀರು, ಎಷ್ಟು ದಿನ ಬಂದ್ ಎಂದು ಗೊತ್ತುಮಾಡಬೇಕು. 2023ರಲ್ಲಿ ಜಲಾಶಯ ತುಂಬಲೇ ಇಲ್ಲ. 2024ರ ಜುಲೈಯಲ್ಲಿ ತುಂಬಿತು. ಎರಡು ವರ್ಷವೂ ಬೇಸಾಯಗಾರ ಅದೇ ಬೇಸಾಯಗಾರ, ಅವನ ದುಡಿಮೆಯೂ ಅದೇ.

ಇನ್ನು ಅವನ ವಶದಲ್ಲಿರುವುದೇನು? ಬೇಸಿಗೆಯಲ್ಲಿ ಕಾಲುವೆಯ ಹೂಳು, ಜೊಂಡು ತೆಗೆದಿಟ್ಟುಕೊಳ್ಳುವುದು. ನೀರು ಖಾತ್ರಿಯಿಲ್ಲದ ವರ್ಷ ಭತ್ತದ ಹಟ ಬಿಟ್ಟು ಅರೆನೀರಾವರಿ ಬೆಳೆಗೆ ಮನಸ್ಸು ಮಾಡುವುದು. ಸರದಿ ಬಂದ ರಾತ್ರಿ ಗುದ್ದಲಿ, ಬ್ಯಾಟರಿ ಹಿಡಿದು ಗದ್ದೆಯ ಮಡೆ ಕಾಯುವುದು. ಮೇಲಿನವನು ತನ್ನ ಸರದಿ ಮುಗಿದ ಮೇಲೂ ನೀರು ತಿರುಗಿಸಿಕೊಂಡಿದ್ದರೆ ಕೇಳುವುದು. ತಾನೇ ಮೇಲಿನವನಾಗಿದ್ದಾಗ ಕೊನೆಭಾಗದ ಗದ್ದೆಗೆ ನೀರು ಹರಿಯಗೊಡುವುದು. ಈ ಕೊನೆಯ ಅಂಶ ಮುಖ್ಯ. ಸ್ಟೋಯಿಕರ ನಾಲ್ಕು ಸದ್ಗುಣಗಳಲ್ಲಿ ವಿವೇಕ, ಧೈರ್ಯ, ಸಂಯಮಗಳ ಜೊತೆಗೆ ನ್ಯಾಯವೂ ಇದೆ. ಮನಶ್ಶಾಂತಿಯ ಮಾತಾಡುವ ಇಂದಿನ ಜನಪ್ರಿಯ ಪುಸ್ತಕಗಳು ಮೊದಲ ಮೂರನ್ನು ಹಿಡಿದು ನಾಲ್ಕನೆಯದನ್ನು ಜಾರಿಸಿಬಿಡುತ್ತವೆ. ನ್ಯಾಯವಿಲ್ಲದ ಸ್ಟೋಯಿಕ್ ನೀತಿ ಬರೀ ಸ್ವಾರ್ಥದ ನೆಮ್ಮದಿಯಾಗಿ ಉಳಿಯುತ್ತದೆ.

ಎರಡನೆಯ ತತ್ತ್ವ ಭಾವಗಳನ್ನು ಕುರಿತದ್ದು. ಕೋಪ, ಭಯ, ದುಃಖಗಳು ಮೇಲೆ ಬಂದು ಬೀಳುವ ಬಿರುಗಾಳಿಗಳಲ್ಲ; ಪ್ರತಿಯೊಂದರ ಒಳಗೂ ಒಂದು ತೀರ್ಮಾನ ಅಡಗಿದೆ ಎಂದು ಕ್ರಿಸಿಪಸ್ ವಾದಿಸಿದ. 'ನನಗೆ ಅವಮಾನವಾಯಿತು, ಅವಮಾನ ದೊಡ್ಡ ಕೆಡುಕು, ಸೇಡು ತೀರಿಸುವುದೇ ಸರಿ' ಎಂಬ ಒಪ್ಪಿಗೆ ಒಳಗೆ ನಡೆದ ಮೇಲೆಯೇ ಕೋಪ ಕೋಪವಾಗುತ್ತದೆ. ಇದನ್ನು ತೋರಿಸಲು ಅವನು ಯೂರಿಪಿಡೀಸನ 'ಮೀಡಿಯ' ನಾಟಕದಿಂದ ಎಷ್ಟು ಉದ್ಧರಿಸಿದನೆಂದರೆ, ಅವನ ಗ್ರಂಥವನ್ನು ಜನ ಕ್ರಿಸಿಪಸ್‌ನ ಮೀಡಿಯ ಎಂದೇ ನಗೆಯಾಡುತ್ತಿದ್ದರಂತೆ.

ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ಪ್ರಕಟಿಸಿದ 'ಅಶ್ವತ್ಥಾಮನ್' ನಾಟಕ ಇದೇ ಪ್ರಶ್ನೆಯನ್ನು ಕನ್ನಡಕ್ಕೆ ತಂದಿತು. ಅದರ ಆಧಾರ ಸೊಫೊಕ್ಲಿಸನ 'ಏಜಾಕ್ಸ್'. ಮಾನಕ್ಕೆ ಕುಂದು ಬಂತೆಂದು ಕೆರಳಿದ ವೀರನೊಬ್ಬ ಉನ್ಮಾದದಲ್ಲಿ ಮಾಡಬಾರದ್ದನ್ನು ಮಾಡಿ, ತಿಳಿವು ಮರಳಿದಾಗ ತನ್ನನ್ನೇ ತಾನು ಸಹಿಸಲಾರದೆ ಹೋಗುತ್ತಾನೆ. ನಾಟಕಕಾರನ ಕಣ್ಣಿಗೆ ಇದು ವೀರನ ದುರಂತ. ಅದರಲ್ಲಿ ಒಂದು ಘನತೆಯಿದೆ. ಸ್ಟೋಯಿಕನ ಕಣ್ಣಿಗೆ ಇದು ತಪ್ಪು ಲೆಕ್ಕ: ಮಾನ ಬೇರೆಯವರ ಕೈಯಲ್ಲಿದೆ ಎಂದು ನಂಬಿದಾಗಲೇ ವೀರ ಸೋತಿದ್ದ. ಶ್ರೀಕಂಠಯ್ಯನವರ ನಾಟಕವನ್ನು ಸ್ಟೋಯಿಕನಂತೆ ಓದಿದರೆ ರಸ ಕೆಡುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಹೊಲದ ಬದುವಿನ ಜಗಳ ಕೋರ್ಟು ಮುಟ್ಟಿ, ಎರಡು ತಲೆಮಾರು ಅದರಲ್ಲೇ ಸವೆಯುವ ಹಳ್ಳಿಗಳಲ್ಲಿ ಅವಮಾನದ ಲೆಕ್ಕವನ್ನು ಒಮ್ಮೆ ಮರುಪರಿಶೀಲಿಸುವುದು ರಸಕ್ಕಿಂತ ಹೆಚ್ಚು ಉಪಯೋಗದ ಕೆಲಸ.

ಸೆನೆಕ ಇಲ್ಲಿ ಒಂದು ಸೂಕ್ಷ್ಮವನ್ನು ಸೇರಿಸುತ್ತಾನೆ. ಕೆಟ್ಟ ಸುದ್ದಿ ಕೇಳಿದೊಡನೆ ಎದೆ ಡವಗುಟ್ಟುವುದು, ಮುಖ ಕೆಂಪೇರುವುದು, ಕಣ್ಣು ತುಂಬುವುದು ಜ್ಞಾನಿಗೂ ತಪ್ಪಿದ್ದಲ್ಲ. ಅದು ಮೈಯ ಸ್ವಭಾವ. ಅದಾದ ಮೇಲಿನ ಗಳಿಗೆಯಲ್ಲಿ ಮನಸ್ಸು ಅದಕ್ಕೆ ರುಜು ಹಾಕುತ್ತದೋ ಇಲ್ಲವೋ ಎಂಬಲ್ಲಿ ಮಾತ್ರ ಅಭ್ಯಾಸಕ್ಕೆ ಜಾಗವಿದೆ. ಪ್ರೀತಿಯ ವಿಷಯದಲ್ಲೂ ಹೀಗೆಯೇ. ಮಗಳಿಗೆ ಜ್ವರ ಬಂದಾಗ ನೋಡಲಾರದೆ ಮನೆಬಿಟ್ಟು ಹೋಗಿದ್ದ ಅಧಿಕಾರಿಯೊಬ್ಬ ಎಪಿಕ್ಟೀಟಸನ ಬಳಿ ಬಂದ ಪ್ರಸಂಗ ಉಳಿದಿದೆ. ಪ್ರೀತಿ ಹೆಚ್ಚಾದದ್ದರಿಂದಲೇ ಹೋದೆ ಎಂದು ಅವನ ಸಮಜಾಯಿಷಿ. ಹಾಗಾದರೆ ತಾಯಿಗೂ ದಾದಿಗೂ ಪ್ರೀತಿ ಇರಲಿಲ್ಲವೇ, ಎಲ್ಲರೂ ನಿನ್ನಷ್ಟೇ ಪ್ರೀತಿಸಿದ್ದರೆ ಮಗು ಯಾರ ಕೈಯಲ್ಲಿ ಇರಬೇಕಿತ್ತು ಎಂಬ ಅರ್ಥದ ಪ್ರಶ್ನೆಗಳಿಂದ ಎಪಿಕ್ಟೀಟಸ್ ಅವನನ್ನು ಕಟ್ಟಿಹಾಕುತ್ತಾನೆ. ಪ್ರೀತಿಸಬೇಡ ಎಂದು ಅವನು ಹೇಳಲಿಲ್ಲ. ಪ್ರೀತಿಯ ಹೆಸರಿನಲ್ಲಿ ಓಡಿಹೋಗಬೇಡ ಎಂದ. ಗೃಹಸ್ಥ ಪ್ರೇಮವನ್ನು ಹಾಡಿದ ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿಯಲ್ಲಿ ಈ ಮಾತಿಗೆ ತಕರಾರು ಬರಲಾರದು.

ಈಗ ಕಷ್ಟದ ಪ್ರಶ್ನೆ. ಕೈಮೀರಿದ್ದನ್ನು ಒಪ್ಪಿಕೊಳ್ಳಬೇಕು ಎನ್ನಲು ಆಧಾರವೇನು? ಹಳೆಯ ಸ್ಟೋಯಿಕರ ಉತ್ತರ ದೇವರು. ಜಗತ್ತಿನ ಕಣಕಣದಲ್ಲೂ ಹರಡಿರುವ ಒಂದು ಮಹಾಬುದ್ಧಿ ಎಲ್ಲವನ್ನೂ ಕ್ರಮವಾಗಿ ನಡೆಸುತ್ತಿದೆ. ಆಗುವುದೆಲ್ಲ ಆ ಕ್ರಮದ ಭಾಗ. ಆದ್ದರಿಂದ ಒಪ್ಪಿಗೆ ಸೋಲಲ್ಲ, ಸಹಮತ. ಕ್ಲಿಯಾಂಥಿಸ್ ಬರೆದ ಸ್ತೋತ್ರ ಇದೇ ಭಾವದ್ದು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಇದಕ್ಕೆ ಹತ್ತಿರದ, ಆದರೆ ಬೇರೆಯೇ ಆದ ಒಂದು ಉತ್ತರ ಶತಮಾನಗಳಿಂದ ಬೇರೂರಿದೆ. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಹೊಯ್ಸಳ ನಾಡಿಗೆ ಬಂದು ತೊಣ್ಣೂರು, ಮೇಲುಕೋಟೆಗಳಲ್ಲಿ ನೆಲೆಸಿದ್ದರು. ಶ್ರೀವೈಷ್ಣವ ಸಂಪ್ರದಾಯದ ಶರಣಾಗತಿಗೆ ಅಂಗಗಳನ್ನು ಹೇಳುತ್ತಾರೆ. ಭಗವಂತನಿಗೆ ಅನುಕೂಲವಾದುದನ್ನು ಸಂಕಲ್ಪಿಸುವುದು, ಪ್ರತಿಕೂಲವನ್ನು ಬಿಡುವುದು, ಕಾಪಾಡುತ್ತಾನೆಂಬ ಮಹಾವಿಶ್ವಾಸ, ಕಾಪಾಡೆಂದು ಬೇಡುವುದು, ತನ್ನ ಅಸಹಾಯಕತೆಯ ಅರಿವು, ಕೊನೆಗೆ ತನ್ನನ್ನೇ ಒಪ್ಪಿಸಿಬಿಡುವುದು. ಹೀಗೆ ಭಾರವನ್ನು ಇಳಿಸಿದವನು ನಿರ್ಭರ. ಆಮೇಲೂ ಕರ್ತವ್ಯ ಮಾಡುತ್ತಾನೆ, ಫಲದ ಹೊರೆ ಹೊರುವುದಿಲ್ಲ. ಫಲದ ಚಿಂತೆ ಬಿಟ್ಟು ಕೆಲಸ ಬಿಡದ ಈ ನಿಲುವು ಬಿಲ್ಲುಗಾರನ ನಿಲುವಿಗೆ ಎಷ್ಟು ಹತ್ತಿರ ಎಂಬುದು ಮೇಲ್ನೋಟಕ್ಕೇ ಕಾಣುತ್ತದೆ.

ಅಂತರ ಇರುವುದು ದೇವರ ಸ್ವಭಾವದಲ್ಲಿ. ಸ್ಟೋಯಿಕನ ದೇವರು ನಿಯಮ. ಕೂಗಿದರೆ ತಿರುಗಿ ನೋಡುವವನಲ್ಲ. ಮೇಲುಕೋಟೆಯ ಐತಿಹ್ಯದಲ್ಲಿ ಉತ್ಸವಮೂರ್ತಿಯನ್ನು ಆಚಾರ್ಯರು 'ಸೆಲ್ವಪಿಳ್ಳೆ' ಎಂದು ಕರೆದಾಗ ಮಗುವಿನಂತೆ ಬಂದು ಮಡಿಲೇರಿತು. ಒಂದು ಕಡೆ ಅಸಹಾಯಕತೆಯೇ ಅರ್ಹತೆ. ಇನ್ನೊಂದು ಕಡೆ ಯಾರ ಹಂಗೂ ಇಲ್ಲದ ಸ್ವಾವಲಂಬನೆಯೇ ಪುರುಷಾರ್ಥ. ತನ್ನ ಬಲವೆಲ್ಲ ಮುಗಿದವನಿಗೆ ಸ್ಟೋಯಿಕ್ ಮಾತು ಒಣಗಿದ ರೊಟ್ಟಿಯಂತೆ ಗಂಟಲಲ್ಲಿ ನಿಲ್ಲಬಹುದು. ಅಂಥವನಿಗೆ ವೈಷ್ಣವರ ದಾರಿ ಹೆಚ್ಚು ಕರುಣೆಯದು.

ಆದರೆ ನಂಬಿಕೆಯೇ ಇಲ್ಲದವನ ಪಾಡೇನು? ಇದಕ್ಕೆ ಉತ್ತರ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಿಂದ ಬಂತು. ಅಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಪ್ರಬಂಧಕಾರರಾಗಿ ಮನೆಮಾತಾದವರು. ಸಾಕ್ರಟೀಸನ ಕಡೆಯ ದಿನಗಳ ಸಂವಾದಗಳನ್ನು ಕನ್ನಡಕ್ಕೆ ತಂದವರು. ಸಾಕ್ರಟೀಸನೋ ಸ್ಟೋಯಿಕರಿಗೆ ಆದರ್ಶಪುರುಷ. ತೊಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ, ಅವರು 'ದೇವರು' ಎಂಬ ಪುಸ್ತಕ ಪ್ರಕಟಿಸಿದರು. ಲೋಕದಲ್ಲಿ ಇಷ್ಟು ನೋವಿರುವಾಗ ಸರ್ವಶಕ್ತನೂ ದಯಾಮಯನೂ ಆದ ಒಬ್ಬನನ್ನು ನಂಬುವುದು ಹೇಗೆ ಎಂಬುದು ಅದರ ಬೆನ್ನೆಲುಬಾದ ಪ್ರಶ್ನೆ. ಯಾರನ್ನೂ ಹೀಯಾಳಿಸದೆ, ದನಿ ಏರಿಸದೆ, ನಂಬುವವರ ನೋವನ್ನೂ ಅರಿತು ಬರೆದ ನಿರಾಕರಣೆ ಅದು. ಮುಪ್ಪು, ಅಗಲಿಕೆಗಳನ್ನು ಕಂಡು, 2003ರಲ್ಲಿ 103ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಪರಲೋಕದ ಆಸರೆಯನ್ನು ಬೇಡಲಿಲ್ಲ.

ಮಾರ್ಕಸ್ ಅರೇಲಿಯಸ್ ತನ್ನ ಟಿಪ್ಪಣಿಗಳಲ್ಲಿ ಈ ಎರಡನ್ನೂ ಮತ್ತೆ ಮತ್ತೆ ತೂಗಿ ನೋಡುತ್ತಾನೆ: ಜಗತ್ತನ್ನು ನಡೆಸುವ ಬುದ್ಧಿಯಿದ್ದರೆ ಸರಿ, ಇಲ್ಲದೆ ಬರೀ ಅಣುಗಳ ಕಲಸುಮೇಲೋಗರವಾದರೂ ನೀನು ಮಾತ್ರ ಗೊತ್ತುಗುರಿಯಿಲ್ಲದೆ ನಡೆಯಬೇಡ. ಹಲವು ಮಕ್ಕಳನ್ನು ಮಣ್ಣು ಮಾಡಿದ ತಂದೆ ಬರೆದ ಮಾತು ಇದು. ಅವನ ಒಲವು ಮೊದಲ ಪಕ್ಷದ ಕಡೆಗೇ. ಆದರೂ ಎರಡನೆಯ ಪಕ್ಷದಲ್ಲೂ ಕರ್ತವ್ಯ ಉಳಿಯುತ್ತದೆ ಎಂದು ಅವನು ಕಂಡಿದ್ದ. ಮೂರ್ತಿರಾಯರ ಬಾಳು ಆ ಎರಡನೆಯ ಪಕ್ಷಕ್ಕೆ ಸಾಕ್ಷಿ. ದೇವರನ್ನು ತೆಗೆದುಹಾಕಿದರೆ ಸ್ಟೋಯಿಕ್ ಕಟ್ಟಡದಿಂದ ಹೋಗುವುದು ಸಮಾಧಾನ. ನಡತೆಯ ಕಂಬಗಳು ನಿಲ್ಲುತ್ತವೆ. ಲೋಕ ಒಳ್ಳೆಯದಕ್ಕಾಗಿಯೇ ನಡೆಯುತ್ತಿದೆ ಎನ್ನುವಂತಿಲ್ಲ. ತಾನು ಒಳ್ಳೆಯವನಾಗಿ ನಡೆಯಬಹುದು ಎನ್ನಬಹುದು. ನೋವಿಗೆ ಅರ್ಥ ಹಚ್ಚುವ ಸುಖವನ್ನು ಬಿಟ್ಟುಕೊಟ್ಟು ನೋಯುವವರ ಪಕ್ಕ ನಿಲ್ಲುವುದು ಇದರ ಬೆಲೆ. ಬೆಲೆ ದೊಡ್ಡದೇ, ಆದರೆ ತೆರಲಾಗದ್ದಲ್ಲ.

ಶರಣಾಗತಿ, ನಿರಾಕರಣೆ ಇವೆರಡರ ನಡುವೆ ಮೇಲುಕೋಟೆಯವರೇ ಆದ ಕವಿ ಪು.ತಿ. ನರಸಿಂಹಾಚಾರ್ಯರ ಜೋಡಿ ಪರಿಕಲ್ಪನೆಯೊಂದಿದೆ: ಭವನಿಮಜ್ಜನ ಚಾತುರ್ಯ, ಲಘಿಮಾ ಕೌಶಲ. ಸಂಸಾರದಲ್ಲಿ ಪೂರ್ತಿ ಮುಳುಗಬೇಕು, ಮುಳುಗಿಯೂ ಹಗುರಾಗಿರಬೇಕು. ಅವರು ಇದನ್ನು ಮುಖ್ಯವಾಗಿ ಕವಿಗೆ ಹೇಳಿದರೂ ಬಾಳಿಗೂ ಒಪ್ಪುತ್ತದೆ. ಸ್ಟೋಯಿಕರು ಸಂತೆ ಬಿಟ್ಟು ಕಾಡು ಸೇರಿ ಎಂದು ಹೇಳಿದವರಲ್ಲ. ಮಗ, ಅಪ್ಪ, ನೆರೆಯವ, ಊರಿನವ ಎಂಬ ಒಂದೊಂದು ಪಾತ್ರಕ್ಕೂ ಅದರದೇ ಕರ್ತವ್ಯವಿದೆ ಎಂದರು. ಪು.ತಿ.ನ. ಕಂಡ ಆ ಹಗುರತನ, ಆ ಲೀಲೆ, ಸ್ಟೋಯಿಕರಲ್ಲಿ ಕಡಿಮೆ. ಅವರ ಹುಬ್ಬು ಯಾವಾಗಲೂ ಸ್ವಲ್ಪ ಗಂಟಿಕ್ಕಿಯೇ ಇರುತ್ತದೆ.

ಈ ದರ್ಶನದ ಮೇಲಿನ ಬಲವಾದ ಆಕ್ಷೇಪ ಅನ್ಯಾಯಕ್ಕೆ ಸಂಬಂಧಿಸಿದ್ದು. ಕಬ್ಬಿನ ಬಾಕಿ ತಿಂಗಳುಗಟ್ಟಲೆ ಬಾರದಿದ್ದಾಗ ಹಣ ಕೈಮೀರಿದ್ದು ಎಂದು ಬೆಳೆಗಾರ ಸುಮ್ಮನಿರಬೇಕೇ? ರೈತಸಂಘದ ಹೋರಾಟಗಳ ನೆಲವಾದ, ಕೆ.ಎಸ್. ಪುಟ್ಟಣ್ಣಯ್ಯನವರನ್ನು ವಿಧಾನಸಭೆಗೆ ಕಳಿಸಿದ ಪಾಂಡವಪುರದಲ್ಲಿ ಈ ಪ್ರಶ್ನೆ ಏಳದೆ ಇರದು. ಉತ್ತರಕ್ಕೆ ಎಪಿಕ್ಟೀಟಸ್ ಮೆಚ್ಚಿಕೊಂಡ ಹೆಲ್ವಿಡಿಯಸ್ ಪ್ರಿಸ್ಕಸನನ್ನು ನೋಡಬೇಕು. ಸೆನೆಟ್ ಸಭೆಗೆ ಬರಬೇಡ, ಬಂದರೂ ಬಾಯಿ ಬಿಡಬೇಡ ಎಂದು ಚಕ್ರವರ್ತಿ ವೆಸ್ಪಾಸಿಯನ್ ತಾಕೀತು ಮಾಡಿದಾಗ, ಕೊಲ್ಲುವುದು ನಿನ್ನ ಪಾಲಿನದು, ಅಂಜದಿರುವುದು ನನ್ನ ಪಾಲಿನದು ಎಂಬಂತೆ ಆತ ನಿಂತ. ಗೆಲುವಿನ ಖಾತ್ರಿ ಇಲ್ಲದೆಯೂ ಸರಿಯಾದುದಕ್ಕಾಗಿ ನಿಲ್ಲುವವನಿಗೆ ಸೋಲಿನ ಬೆದರಿಕೆ ನಾಟುವುದಿಲ್ಲ. ಹೆದ್ದಾರಿಯಲ್ಲಿ ಧರಣಿ ಕೂತವನಿಗೂ ಇದು ಒದಗಿಬರುವ ಬುದ್ಧಿ.

ಆದರೂ ಸ್ಟೋಯಿಕರನ್ನು ಪೂರ್ತಿ ಖುಲಾಸೆ ಮಾಡಲಾಗದು. ಗುಲಾಮನೂ ಮನುಷ್ಯನೇ, ಅವನ ಜೊತೆ ಕೂತು ಉಣ್ಣು ಎಂದು ಸೆನೆಕ ಬರೆದ. ಗುಲಾಮಗಿರಿ ತೊಲಗಲಿ ಎಂದು ಬರೆಯಲಿಲ್ಲ. ಸ್ಟೋಯಿಕ್ ಚಕ್ರವರ್ತಿಯ ಕಾಲದಲ್ಲೂ ಅದು ಹಾಗೇ ನಡೆಯಿತು. ಮೇಲುಕೋಟೆಯಲ್ಲಿ ರಾಮಾನುಜರು ತಿರುಕ್ಕುಲತ್ತಾರ್ ಎಂಬ ಗೌರವದ ಹೆಸರು ಕೊಟ್ಟು ದಲಿತರಿಗೆ ದೇವಾಲಯ ಪ್ರವೇಶ ಕಲ್ಪಿಸಿದರೆಂದು ಸಂಪ್ರದಾಯ ಹೇಳುತ್ತದೆ. ಅದು ಮಾತಿಗಿಂತ ಒಂದು ಹೆಜ್ಜೆ ಮುಂದೆ. ಆದರೆ ಆ ಪ್ರವೇಶವೂ ವರ್ಷದ ಕೆಲವು ನಿಗದಿತ ದಿನಗಳಿಗೆ ಸೀಮಿತವಾಗಿ ಉಳಿಯಿತು. ಒಳಗಿನ ಸಮತೆ ತಾನಾಗಿ ಹೊರಗಿನ ಸಮತೆಯಾಗುವುದಿಲ್ಲ ಎಂಬುದಕ್ಕೆ ಎರಡೂ ನಿದರ್ಶನ.

ಇನ್ನೊಂದು ಅಂಶವನ್ನು ಮಂಡ್ಯ ಜಿಲ್ಲೆಯಲ್ಲಿ ಹೇಳದೆ ಬಿಡುವುದು ತಪ್ಪಾಗುತ್ತದೆ. ಬಾಳು ಅಸಹನೀಯವಾದರೆ ಬಾಗಿಲು ತೆರೆದಿದೆ ಎಂಬ ಧಾಟಿಯ ಮಾತು ಹಳೆಯ ಸ್ಟೋಯಿಕರಲ್ಲಿದೆ. 2015ರಲ್ಲಿ ಸಾಲು ಸಾಲಾಗಿ ಕಬ್ಬು ಬೆಳೆಗಾರರನ್ನು ಕಳೆದುಕೊಂಡ ಜಿಲ್ಲೆ ಇದು. ಆ ಭಾಗವನ್ನು ನಿಸ್ಸಂಕೋಚವಾಗಿ ತಳ್ಳಿಹಾಕಬೇಕು. ಸಾಲದಲ್ಲಿ ಮುಳುಗಿದವನಿಗೆ ಬೇಕಾದ್ದು ಬೆಲೆ, ವಿಮೆ, ವೈದ್ಯ, ಪಕ್ಕದಲ್ಲಿ ಕೂರುವ ನೆಂಟ. ನಿನ್ನ ಎಣಿಕೆಯೇ ತಪ್ಪು ಎಂದು ಅವನಿಗೆ ಉಪದೇಶಿಸುವುದು ಕ್ರೌರ್ಯ. ಈ ದರ್ಶನವನ್ನು ತನಗೆ ತಾನು ಹೇಳಿಕೊಳ್ಳಬಹುದು. ಬೇರೆಯವರ ನೋವಿನ ಎದುರು ಹಿಡಿಯಬಾರದು.

ಅಭ್ಯಾಸದ ಮಾತು ಚುಟುಕಾಗಿಯೇ ಮುಗಿಯುವಂಥದು. ಬೆಳಿಗ್ಗೆ ಎದುರಾಗಬಹುದಾದ ಕಿರುಕುಳಗಳನ್ನು ಮುಂಚೆಯೇ ನೆನೆಯುವುದು. ಸಂಜೆ ದೀಪ ಆರಿಸಿದ ಮೇಲೆ ಸೆನೆಕನಂತೆ ದಿನದ ನಡೆನುಡಿಗಳನ್ನು ತಾನೇ ವಿಚಾರಣೆ ಮಾಡಿ, ಬೈದುಕೊಳ್ಳದೆ ತಿದ್ದಿಕೊಳ್ಳುವುದು. ಕೇಡನ್ನು ಮೊದಲೇ ಊಹಿಸಿ ಅಣಿಯಾಗಿರುವುದು. ಮೂರನೆಯದನ್ನು ಮಳೆಯಾಶ್ರಯದ ನಾಗಮಂಗಲದವರಿಗೆ ಗ್ರೀಕರು ಕಲಿಸಬೇಕಾಗಿಲ್ಲ. ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಹಾಕುವುದು, ಮುಂಗಾರು ಕೈಕೊಟ್ಟರೆ ಹಿಂಗಾರಿಗೆ ಹುರುಳಿ ಚೆಲ್ಲುವುದು ಇದೇ ಬುದ್ಧಿಯ ಬೇಸಾಯ. ಕೇಡನ್ನು ಎಣಿಸಿದವರು ಅಲ್ಲಿ ಕೈಚೆಲ್ಲಿ ಕೂರಲಿಲ್ಲ. ಬಿತ್ತನೆಯ ವಿಧಾನ ಬದಲಿಸಿದರು. ಕಳೆದ ಶತಮಾನದ ನಡುವಿನಿಂದೀಚೆಗೆ ಆಲ್ಬರ್ಟ್ ಎಲಿಸ್, ಏರನ್ ಬೆಕ್ ರೂಪಿಸಿದ ಮನಶ್ಚಿಕಿತ್ಸೆಯ ಪದ್ಧತಿಗಳೂ ಸ್ಟೋಯಿಕರ ಋಣವನ್ನು ಒಪ್ಪಿಕೊಂಡಿವೆ. ಘಟನೆಗಿಂತ ಘಟನೆಯ ಬಗೆಗಿನ ಎಣಿಕೆ ಮನಸ್ಸನ್ನು ಕದಡುತ್ತದೆ ಎಂಬುದೇ ಅವುಗಳಿಗೂ ಮೂಲಸೂತ್ರ. ಆದರೆ ಖಿನ್ನತೆ ಕಾಯಿಲೆಯಾಗಿ ಹಿಡಿದವರಿಗೆ ಪುಸ್ತಕ ವೈದ್ಯನ ಜಾಗ ತುಂಬಲಾರದು.

ಓದಲು ತೊಡಗುವವರು ಎಪಿಕ್ಟೀಟಸನ ಕೈಪಿಡಿಯಿಂದ ಆರಂಭಿಸಬಹುದು. 53 ಪುಟ್ಟ ಅಧ್ಯಾಯಗಳ ಆ ಪುಸ್ತಕ ಒಂದೆರಡು ಸಂಜೆಗಳಲ್ಲಿ ಮುಗಿಯುತ್ತದೆ. ಅದೊಂದನ್ನೇ ಓದಿದರೆ ಸ್ಟೋಯಿಕ್ ನೀತಿ ಇರುವುದಕ್ಕಿಂತ ಒರಟಾಗಿ ಕಾಣುತ್ತದೆ. ಆದ್ದರಿಂದ ಏರಿಯನ್ ಬರೆದಿಟ್ಟ ಪ್ರವಚನಗಳಲ್ಲಿ ಉಳಿದಿರುವ ನಾಲ್ಕು ಭಾಗಗಳನ್ನೂ ಜೊತೆಗೆ ನೋಡಬೇಕು. ಆಮೇಲೆ ಮೂರ್ತಿರಾಯರ 'ದೇವರು' ಪುಸ್ತಕವನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಲಿ.